ಬಾವಿಗೆ ಬದಲು ಅಬ್ಬಿ ನೀರು

ಸೊಸೆಗೆ ನಮ್ಮ ಬಾವಿ ನೀರಿನ ಮೇಲೆ ಅನುಮಾನ. ಮೊಮ್ಮಗಳಿಗೆ ಎರಡು ಸಲ ಭೇದಿ ಆದ ಮೇಲೆ ಕುದಿಸದೆ ಒಂದು ಹನಿ ಕೊಡುತ್ತಿರಲಿಲ್ಲ. ನನಗೆ ಅನುಮಾನ ಇದ್ದದ್ದು ನೀರಿನ ಮೇಲಲ್ಲ, ಅದನ್ನು ಪರೀಕ್ಷೆ ಮಾಡಲು ಬಂದ ಹುಡುಗಿಯ ಮೇಲೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಬಾವಿಗಳದ್ದು ನಕ್ಷೆ ಮಾಡುತ್ತಾರಂತೆ. ಅವಳು ಬಾವಿಕಟ್ಟೆಯ ಹತ್ತಿರ ಫೋನ್ ಮೇಲೆತ್ತಿ ಹಿಡಿದು ನಿಂತಳು.

"ನೀರಿರೋದು ಕೆಳಗೆ. ನೀ ಆಕಾಶದ್ ಹತ್ರ ಎಂತ ಕೇಳ್ತೀಯೆ?"

"ಬಾವಿ ಎಲ್ಲಿದೆ ಅಂತ ಸ್ಯಾಟಲೈಟ್ ಹೇಳುತ್ತೆ ಅಜ್ಜಿ. ನೀರು ಲ್ಯಾಬಲ್ಲಿ ನೋಡ್ತೀವಿ. ಒಳ್ಳೇದಿದ್ರೆ ಹಸಿರು ಚುಕ್ಕೆ, ಕೆಟ್ಟಿದ್ರೆ ಕೆಂಪು."

ಮಾಸ್ತಿಕಟ್ಟೆ ಕಡೆಯ ನನ್ನ ತವರಿಗೂ ಹೀಗೇ ನಕ್ಷೆಯವರು ಬಂದಿದ್ದರು. ಅಪ್ಪ ಕಾಫಿ ಕೊಟ್ಟು, ಗದ್ದೆಯ ಗಡಿಕಲ್ಲನ್ನೂ ತಾನೇ ತೋರಿಸಿದ. ಆ ಗದ್ದೆ ಈಗ ಡ್ಯಾಮಿನ ನೀರಿನಡಿ ಇದೆ. ಇವಳು ಕೆಂಪು ಚುಕ್ಕೆ ಇಟ್ಟು ಬಾವಿ ಮುಚ್ಚಿಸಿದರೆ? ನಾನೂ ಕಾಫಿ ಕೊಟ್ಟು ಜಗಲಿಯಲ್ಲಿ ಕೂರಿಸಿದೆ. ಬಾಟಲಿ ಇಸಿದುಕೊಂಡು ಹಿತ್ತಲಿಗೆ ಹೋಗಿ, ಗುಡ್ಡದ ಝರಿಯಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ತುಂಬಿಸಿ ತಂದೆ. ಅದರಲ್ಲಿ ನಾವು ಕೊಟ್ಟಿಗೆ ತೊಳೆಯುವುದು. ಅವಳು ಬಾಟಲಿಗೆ ಚೀಟಿ ಅಂಟಿಸಿಕೊಂಡು ಹೋದಳು.

ತಿಂಗಳಾದ ಮೇಲೆ ಸೊಸೆ ಫೋನ್ ತೋರಿಸಿದಳು. ನಮ್ಮ ಬಾವಿ ಹಸಿರು.

"ನೀವ್ ಹೇಳಿದ್ದೇ ಸರಿ ಅತ್ತೆ. ಇನ್ ಕುದ್ಸೋ ರಗಳೆ ಇಲ್ಲ" ಎಂದವಳೇ ಬಾವಿಯಿಂದ ಸೇದಿ ಮಗುವಿನ ಲೋಟಕ್ಕೆ ಬಗ್ಗಿಸಿದಳು.

ನಾನು ಲೋಟ ಕಿತ್ತು ಅಂಗಳಕ್ಕೆ ಚೆಲ್ಲಿದೆ.

"ಅದು ಅಬ್ಬಿ ನೀರಿನ ಹಸಿರು ಕಣೇ."

ಸೊಸೆ ಮಗುವನ್ನು ಎತ್ತಿಕೊಂಡಳು. "ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೋರು ಲ್ಯಾಬಿನೋರ್ನೇ ಯಾಮಾರ್ಸಿದ್ರಲ್ಲ!" ಎಂದು ಅಲ್ಲೇ ಅವರಿಗೆ ಫೋನ್ ಮಾಡಿದಳು.

ಹುಡುಗಿ ಮತ್ತೆ ಬಂದಳು. ಈ ಸಲ ಕಾಫಿ ಬೇಡ ಎಂದಳು, ಬಾಟಲಿ ಕೈಬಿಡಲಿಲ್ಲ. ತಾನೇ ಹಗ್ಗ ಹಿಡಿದು ಸೇದಿದಳು. ಹೋಗುವಾಗ ಬಾವಿಯಿಂದ ಗೊಬ್ಬರಗುಂಡಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದಳು. ಆ ಗುಂಡಿಯನ್ನು ಅಲ್ಲಿ ತೋಡಿಸಿದ್ದು ನಾನೇ, ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊರುವುದು ಹತ್ತಿರವಾಗಲಿ ಎಂದು.

ಚುಕ್ಕೆ ಕೆಂಪಾಯಿತು. ಬಾವಿ ಮುಚ್ಚಿಸಲು ಯಾರೂ ಬಂದಿಲ್ಲ, ಇನ್ನೂ. ಗುಂಡಿಯನ್ನು ಇಳಿಜಾರಿನ ಕೆಳಗೆ ದೂರಕ್ಕೆ ಸಾಗಿಸಿದೆವು. ಮಗುವಿನ ನೀರನ್ನು ಈಗ ನಾನೇ ಕುದಿಸುತ್ತೇನೆ. ಸೊಸೆ ಪ್ರತಿ ಸಲ ಬಂದು ಮುಚ್ಚಳ ತೆಗೆದು, ಕುದಿ ಬಂದಿದೆಯೋ ಇಲ್ಲವೋ ನೋಡಿಯೇ ಹೋಗುತ್ತಾಳೆ.