ಗಾಳಿಯಿಲ್ಲದ ಊರಿನಲ್ಲಿ ನಾಲ್ಕು ದಾರ

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಏಳು ದಾಟಿತ್ತು. ಸ್ಟೇಷನ್ನಿನ ಹೊರಗಿದ್ದ ಬೇವಿನ ಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ಮೊದಲು ನೋಡಿದ್ದೇ ಅದನ್ನು. ನಾವು ಬಂದದ್ದು ಗಾಳಿಪಟ ಹಾರಿಸಿ ತೋರಿಸಲು.

ನಾವು ಎಂದರೆ ನಾನು ಮತ್ತು ನನ್ನ ನಾದಿನಿ ಶೈಲಾ. ಬಳ್ಳಾರಿಯಲ್ಲಿ ಐದು ಹೊಲಿಗೆ ಯಂತ್ರ ಹಾಕಿಕೊಂಡು ಇಬ್ಬರೂ ಸೇರಿ ಒಂದು ಅಂಗಡಿ ನಡೆಸುತ್ತಿದ್ದೆವು. ಬಳ್ಳಾರಿಯಿಂದ ಗುಂತಕಲ್ಲಿಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಪಟ ತಿದ್ದಬೇಕಾದರೆ ಇರಲೆಂದು ತಂದ ಆಳೆತ್ತರದ ಒಂದು ಬಟ್ಟೆಯ ಗಂಟನ್ನು ಸೀಟಿನ ಕೆಳಗೆ ತುರುಕಲಾಗದೆ ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಕೂತಿದ್ದೆವು. ದಾರಿಯುದ್ದಕ್ಕೂ ಎದುರು ಸೀಟಿನ ಗಂಡಸು ಅದು ತನ್ನ ಮೊಣಕಾಲಿಗೆ ತಾಗುತ್ತದೆಂದು ಗೊಣಗಿದ. ಶೈಲಾ ಅವನಿಗೆ ತೆಲುಗಿನಲ್ಲಿ ಒಂದು, ನನಗೆ ಕನ್ನಡದಲ್ಲಿ ಎರಡು ಮಾತು ಹೇಳುತ್ತ ಕರ್ನೂಲು ದಾಟಿಸಿದಳು.

ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕಂಪನಿಗೊಂದು ವಾರ್ಷಿಕ ಹಬ್ಬ, ಹಬ್ಬಕ್ಕೊಂದು ಹೊಸ ಆಟ. ಆ ಹಬ್ಬಗಳನ್ನು ಏರ್ಪಾಡು ಮಾಡುವ ಪ್ರಹ್ಲಾದ ಎಂಬ ಹುಡುಗ ನಮ್ಮ ಕಡೆಯವನೇ. ಅವನ ಅಜ್ಜನ ಕಾಲದಿಂದ ಮನೆ ಕಾಚಿಗೂಡದಲ್ಲಿ. ಪರದೇಶದಿಂದ ತರಿಸಿದ ಒಂದು ಗಾಳಿಪಟ ನಮಗೆ ಕೊಟ್ಟು, ಇಂಥವೇ ಮೂವತ್ತು ಹೊಲಿದು ಕೊಡಿ ಎಂದಿದ್ದ. ನಾವು ಅದರ ಹೊಲಿಗೆ ಬಿಚ್ಚಿ, ಕಾಗದದ ಮೇಲೆ ಅಚ್ಚು ತೆಗೆದು, ಛತ್ರಿಗೆ ಹಾಕುವ ತೆಳು ಬಟ್ಟೆಯಲ್ಲಿ ಮೂವತ್ತೂ ಹೊಲಿದು ಕಳಿಸಿದೆವು. ಒಂದನ್ನೂ ಹಾರಿಸಿ ನೋಡಲಿಲ್ಲ. ಅಂಗಿ ಹೊಲಿದವರು ಅದನ್ನು ತೊಟ್ಟು ನೋಡುತ್ತಾರೆಯೇ?

ಹದಿನೈದು ದಿನದ ಮೇಲೆ ಫೋನು ಬಂತು. "ಅಕ್ಕಾರ, ಒಂದೂ ಮ್ಯಾಲೆ ಏಳವಲ್ದು. ನೀವ ಬಂದು ಹಾರಿಸಿ ತೋರಸ್ರಿ, ಇಲ್ಲಾಂದ್ರ ಎಲ್ಲಾ ವಾಪಸ್ ಒಯ್ರಿ."

ಸ್ಟೇಷನ್ನಿನ ಹತ್ತಿರವೇ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆವು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಕೆಳಗಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಪ್ರಹ್ಲಾದ ಬಂದ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಅದರ ಚಾರ್ಜರು. ಮೂವರೂ ಒಂದೇ ಆಟೋದಲ್ಲಿ ನಾಚಾರಂಗೆ ಹೊರಟೆವು. ಮೀಟರು ಕೆಟ್ಟಿದೆ ಎಂದ ಆಟೋದವನು ಎಂಬತ್ತು ರೂಪಾಯಿ ಕೇಳಿದ. ಗಾಳಿಪಟಕ್ಕೆ ಕಡ್ಡಿ ಜೋಡಿಸಿದ ಸಣ್ಣ ಕಾರ್ಖಾನೆ ಅಲ್ಲಿತ್ತು. ಅದರ ಗೋದಾಮಿನಲ್ಲಿ ನಮ್ಮ ಮೂವತ್ತು ಗಾಳಿಪಟಗಳು ಮಡಚಿದ ಛತ್ರಿಗಳಂತೆ ಗೋಡೆಗೆ ಒರಗಿ ನಿಂತಿದ್ದವು.

ಇದು ಮಕ್ಕಳು ಹಾರಿಸುವ ಒಂದು ದಾರದ ಪಟವಲ್ಲ. ಎರಡು ಕೈಗೆ ಎರಡು ಹಿಡಿಕೆ, ಒಂದೊಂದು ಹಿಡಿಕೆಗೆ ಮೇಲೊಂದು ಕೆಳಗೊಂದು ದಾರ, ಒಟ್ಟು ನಾಲ್ಕು. ಮೇಲಿನ ಜೋಡಿ ಎಳೆದರೆ ಪಟ ಮೇಲೇರಬೇಕು, ಕೆಳಗಿನ ಜೋಡಿ ಎಳೆದರೆ ನಿಲ್ಲಬೇಕು ಅಥವಾ ಹಿಂದಕ್ಕೆ ಬರಬೇಕು. ಹಾಗೆಂದು ಜೊತೆಗೆ ಬಂದ ಚೀಟಿಯಲ್ಲಿತ್ತು. ಕಾರ್ಖಾನೆಯ ಮುಂದಿನ ರಸ್ತೆಯಲ್ಲಿ ಶೈಲಾ ಪಟವನ್ನು ನೆಟ್ಟಗೆ ಹಿಡಿದು ನಿಂತಳು. ನಾನು ಇತ್ತ ಹಿಡಿಕೆ ಹಿಡಿದು ಜಗ್ಗಿದೆ. ಪಟ ಮೊಣಕಾಲೆತ್ತರ ಹಾರಿ, ಎಡಕ್ಕೆ ಹೊರಳಿ, ಮೂತಿ ಅಡಿಯಾಗಿ ಬಿತ್ತು. ಮತ್ತೆ ಜಗ್ಗಿದೆ. ಮತ್ತೆ ಬಿತ್ತು. ಅಷ್ಟರಲ್ಲಿ ಒಂದು ಲಾರಿ ಬಂದು ಹಾರ್ನು ಬಾರಿಸಿದ್ದಕ್ಕೆ ನಾಲ್ಕು ದಾರವನ್ನೂ ಸುತ್ತಿಕೊಂಡು ಓಡಿದೆವು. ಆ ಸಿಕ್ಕು ಬಿಡಿಸಲು ಒಂದು ತಾಸು ಹಿಡಿಯಿತು.

"ನೋಡಿದ್ರಿಲ್ಲ? ಬಟ್ಟಿ ವಜ್ಜಾ ಆಗೇತಿ," ಎಂದು ಪ್ರಹ್ಲಾದ ಪಟವನ್ನು ಕೈಯಲ್ಲಿ ತೂಗಿ ನೋಡಿದ.

"ಬಟ್ಟಿ ಅಲ್ಲೋ ಮಾರಾಯ, ನಿನ್ನ ಕಡ್ಡಿ ವಜ್ಜಾ ಅದಾವು," ಎಂದಳು ಶೈಲಾ.

"ಕಡ್ಡಿ ಪರ್ಫೆಕ್ಟ್ ಅವ ರೀ. ನಾಳೆ ಸಂಜಿಕ ಕಂಪನಿ ಮೇಡಂ ನೋಡಾಕ ಬರ್ತಾರ. ಹಾರಿದ್ರ ಸರಿ, ಇಲ್ಲಾಂದ್ರ ಅವರು ಬಲೂನ್ ತರಸ್ತಾರಂತ," ಎಂದು ಅವನು ಮೊಬೈಲಿಗೆ ಕಿವಿ ಕೊಟ್ಟು ಆ ಕಡೆ ಹೋದ. ಗಾಳಿಯ ಬಗ್ಗೆ ಯಾರೂ ಮಾತಾಡಲಿಲ್ಲ. ದೀಪಾವಳಿ ಕಳೆದ ಹೊಸತು. ಆ ಊರಿನಲ್ಲಿ ಗಾಳಿ ಎಂಬುದು ಸಿಟಿ ಬಸ್ಸು ಹಾದುಹೋದಾಗ ಮಾತ್ರ ಬೀಸುತ್ತಿತ್ತು.

ಮರುದಿನ ಬೆಳಿಗ್ಗೆ ಒಂದು ಗಾಳಿಪಟ ಹೊತ್ತುಕೊಂಡು ಬಯಲು ಹುಡುಕುತ್ತ ಹೊರಟೆವು. ಸಿಟಿ ಬಸ್ಸಿನಲ್ಲಿ ಮೆಹದಿಪಟ್ಟಣಂಗೆ ಹೋಗಿ, ಅಲ್ಲಿಂದ ಕಂಪನಿ ಇರುವ ದಿಕ್ಕಿನ ಇನ್ನೊಂದು ಬಸ್ಸು ಹತ್ತಬೇಕಿತ್ತು. ಮೆಹದಿಪಟ್ಟಣಂನಲ್ಲಿ ಬಸ್ಸುಗಳು ನಿಲ್ಲುವುದಿಲ್ಲ, ನಿಧಾನ ಮಾಡುತ್ತವೆ ಅಷ್ಟೆ. ಓಡಿ ಹತ್ತುವಾಗ ಗಂಟು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. "ಅಮ್ಮಾ, ಏಮಿಟಿದಿ, ಡೇರಾನಾ?" ಎಂದು, ಡೇರೆಯನ್ನೇ ಹೊತ್ತು ತಂದೆವೆಂಬಂತೆ ಕಂಡಕ್ಟರ್ ಕೂಗಿ ಅದಕ್ಕೂ ಒಂದು ಟಿಕೆಟು ಹರಿದ. ಮುಂದೆ ಬಂಡೆಗಳ ನಡುವೆ ರಸ್ತೆ, ರಸ್ತೆಯ ಎರಡೂ ಕಡೆ ಕಟ್ಟುತ್ತಿರುವ ಕಟ್ಟಡ, ನೀರಿನ ಟ್ಯಾಂಕರುಗಳ ಸಾಲು. ಒಂದು ಕಂಪೌಂಡಿನ ಹಿಂದೆ ಕಲ್ಲು ಕಡಿಮೆ ಇದ್ದ ಬಯಲು ಕಂಡು ಇಳಿದೆವು.

ಹನ್ನೊಂದರವರೆಗೆ ಮಾಡಿದ್ದನ್ನೇ ಮಾಡಿದೆವು. ಅವಳು ಹಿಡಿಯುವುದು, ನಾನು ಜಗ್ಗುವುದು, ಅದು ಬೀಳುವುದು. ಜೋರಾಗಿ ಜಗ್ಗಿದರೆ ಬೇಗ ಬಿತ್ತು, ಮೆಲ್ಲಗೆ ಜಗ್ಗಿದರೆ ಏಳಲೇ ಇಲ್ಲ. ಓಡಿದೆ. ಓಡಿದರೆ ಚೂರು ಎದ್ದು, ಏನಾಯಿತೆಂದು ತಿರುಗಿ ನೋಡುವಷ್ಟರಲ್ಲಿ ನೆಲ ಸೇರಿತು. ಬಿಸಿಲು ನೆತ್ತಿಗೆ ಬಂತು. ಕುಡಿಯುವ ನೀರು ಮುಗಿಯಿತು. ಸೀರೆಯ ಅಂಚು ಪೂರ್ತಿ ಮುಳ್ಳು. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನಿಂತು, "ಏನ್ ಮಾಡಾಕತ್ತೀರಿ ಅಕ್ಕಾರ?" ಎಂದಳು. "ಗಾಳಿಪಟ ಹಾರಸಾಕತ್ತೀವಿ," ಎಂದೆ. ಆಕೆ ಆಕಾಶ ನೋಡಿದಳು, ನೆಲದ ಮೇಲಿದ್ದ ಪಟ ನೋಡಿದಳು, ಬುಟ್ಟಿ ಎತ್ತಿಕೊಂಡು ಹೋದಳು.

"ನೀ ಸರಿಯಾಗಿ ಹಿಡಿಯಂಗಿಲ್ಲ," ಎಂದು ನಾನು ಶೈಲಾಳ ಮೇಲೆ ಹರಿಹಾಯ್ದೆ. "ಬಿಡೂಮುಂದ ಸೊಟ್ಟ ಮಾಡ್ತಿ."

"ಹಂಗಾರ ನೀವ ಹಿಡೀರಿ, ನೀವ ಜಗ್ಗರಿ," ಎಂದು ಅವಳು ಪಟವನ್ನು ನೆಲಕ್ಕೆ ಒಗೆದಳು. "ನನಗ ಈ ಹುಚ್ಚಾಟ ಸಾಕಾಗೇತಿ ವೈನಿ. ಜೀನ್ಸ್ ಫ್ಯಾಕ್ಟರಿಯವರು ಸೂಪರ್‌ವೈಸರ್ ಕೆಲಸಕ್ಕ ಕರದಾರ. ಊರಿಗೆ ಹೋದ ಮ್ಯಾಲೆ ಹೇಳೂಣಂತ ಇದ್ದೆ. ನಾ ಹೋಗಾಕಿ."

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು, ಗಿರಾಕಿಯೊಡನೆ ಮಾತಾಡುವುದು ನನ್ನ ಕೆಲಸ. ಯಂತ್ರ ನಿಂತರೆ ಬಿಚ್ಚಿ ಸರಿ ಮಾಡುವವಳು ಅವಳು. ಅವಳಿಲ್ಲದೆ ಐದು ಯಂತ್ರಗಳನ್ನು ಒಂದು ತಿಂಗಳು ಓಡಿಸಲೂ ನನ್ನಿಂದ ಆಗುವುದಿಲ್ಲ. ಅದನ್ನು ಅವಳಿಗೆ ಹೇಳಬಹುದಿತ್ತು. "ಹೋಗು, ಯಾರು ಬ್ಯಾಡಂದಾರ?" ಎಂದುಬಿಟ್ಟೆ.

ಅವಳು ದೂರ ಹೋಗಿ ಒಂದು ಬಂಡೆಯ ನೆರಳಿನಲ್ಲಿ ಕೂತಳು. ನಾನು ಇನ್ನೊಂದು ಬಂಡೆಯ ನೆರಳಿನಲ್ಲಿ ಕೂತೆ. ನಡುವೆ ಪಟ ಬಿದ್ದಿತ್ತು. ಎಷ್ಟೋ ಹೊತ್ತಾದ ಮೇಲೆ ಅವಳೇ ಎದ್ದು, ಹೊರಡುವ ಮುನ್ನ ದಾರ ಸುತ್ತಲೆಂದು ಹಿಡಿಕೆಗಳನ್ನು ಕೈಗೆ ತೆಗೆದುಕೊಂಡಳು. ಸುತ್ತಲಿಲ್ಲ. ನಾಲ್ಕೂ ದಾರಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡುತ್ತ ನಿಂತಳು.

"ವೈನಿ, ಇಲ್ಲಿ ಬರ್ರಿ," ಎಂದಳು, ಜಗಳವೇ ಆಗಿಲ್ಲವೆಂಬಂತೆ. "ಕೆಳಗಿನ ದಾರ ಭಾಳ ಬಿಗಿ ಐತಿ, ಮ್ಯಾಲಿಂದು ಸಡಲ. ಮಶಿನ್ದಾಗ ಬಾಬಿನ್ ದಾರ ಬಿಗಿಯಾದ್ರ ಬಟ್ಟಿ ಮುದುಡತೈತಲ್ಲ, ಹಂಗ. ನಾವು ಜಗ್ಗಿದಾಗೆಲ್ಲ ಬ್ರೇಕ್ ಹಿಡದಂಗ ಆಗಾಕತ್ತೈತಿ."

ಕೆಳಗಿನ ಎರಡೂ ದಾರಗಳನ್ನು ಬಿಚ್ಚಿ, ಗೇಣುದ್ದ ಸಡಿಲ ಮಾಡಿ ಕಟ್ಟಿದಳು. ಪಟವನ್ನು ಒಂದು ಕಲ್ಲಿಗೆ ಒರಗಿಸಿ ಹಿಡಿಕೆ ತಾನೇ ಹಿಡಿದಳು. ಜಗ್ಗಲಿಲ್ಲ. ಮೊಣಕೈ ಮೈಗೆ ಒತ್ತಿಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಪಟ ಅಲುಗಿತು, ಎದ್ದಿತು, ನಮ್ಮ ತಲೆಯ ಮೇಲೆ ಬಂತು. ಕೆಂಪು ಬಟ್ಟೆಯ ಮೇಲೆ ಬಿಸಿಲು ಹೊಳೆಯಿತು. ಮೂವತ್ತು ಪಟ ಹೊಲಿದಿದ್ದ ನಾನು ಅದು ಗಾಳಿ ತುಂಬಿ ನಿಂತಾಗ ಹೇಗೆ ಕಾಣುತ್ತದೆಂದು ನೋಡಿದ್ದು ಆಗಲೇ. ಅವಳು ಹಿಂದೆ ಹಿಂದೆ ಹೋಗಿ ಕಂಪೌಂಡಿನ ಗೋಡೆಗೆ ಬೆನ್ನು ಬಡಿದಳು. ಪಟ ಬಿತ್ತು.

ಗಾಳಿ ಇಲ್ಲದ ಕಡೆ ನಡೆದೇ ಗಾಳಿ ಮಾಡಿಕೊಳ್ಳಬೇಕು. ಆದರೆ ನೆಲ ಎಷ್ಟು ದೂರ ಇದ್ದೀತು? ಗೋಡೆ ಬಂದ ಮೇಲೆ ಏನು? ಮಧ್ಯಾಹ್ನವೆಲ್ಲ ಅದರಲ್ಲೇ ಕಳೆಯಿತು. ಕೊನೆಗೆ ತಿಳಿದದ್ದಿಷ್ಟು. ಪಟ ತುಂಬ ಮೇಲಿದ್ದಾಗ ದಾರ ಸಡಿಲ ಬಿಟ್ಟರೆ ಅದು ಮುಂದಕ್ಕೆ ಬಾಗಿ ತೇಲುತ್ತ ಇಳಿಯುತ್ತದೆ. ಆಗ ಸರಸರನೆ ಮುಂದೆ ನಡೆದು, ಕಳೆದುಕೊಂಡ ನೆಲ ಗಳಿಸಿ, ಮತ್ತೆ ಹಿಂದಕ್ಕೆ ಹೆಜ್ಜೆ ಇಡಬೇಕು. ಶೈಲಾಳಿಗೆ ಇದು ಕೂಡಿಬಂತು. ನನಗೆ ಬರಲಿಲ್ಲ. ಬಲಗೈ ಸುಮ್ಮನಿದ್ದರೆ ಎಡಗೈ ಜಗ್ಗುತ್ತಿತ್ತು. ಅವಳು ನನಗೆ ಕಲಿಸಲು ಹೋಗಿ, "ಅಯ್ಯ, ಬಿಡ್ರಿ ನೀವು," ಎಂದು ಹಿಡಿಕೆ ಕಸಿದುಕೊಂಡಳು.

ಸಂಜೆ ಕಂಪನಿಯ ವಾಹನ ನಿಲ್ಲಿಸುವ ಜಾಗದ ಪಕ್ಕದ ಹುಲ್ಲುಹಾಸಿನಲ್ಲಿ ಪ್ರಹ್ಲಾದ ಕಾಯುತ್ತಿದ್ದ. ಕಾವಲಿನವನು ಗಂಟು ಬಿಚ್ಚಿಸಿ, ಕಡ್ಡಿ ಎಣಿಸಿ, ರಿಜಿಸ್ಟರಿನಲ್ಲಿ ಬರೆಸಿ ಒಳಗೆ ಬಿಟ್ಟ. ಮೇಡಂ ಬಂದದ್ದು ಐದಕ್ಕೆ. ಮೂವತ್ತರ ಪ್ರಾಯದ ತೆಲುಗು ಹೆಣ್ಣುಮಗಳು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಮುಖದಲ್ಲಿ ದಣಿವು. ಶೈಲಾ ಪಟ ಎಬ್ಬಿಸಿದಳು. ಅದು ಗಾಜಿನ ಗೋಡೆಯ ಎರಡನೇ ಮಹಡಿಯವರೆಗೆ ಏರಿ, ತೇಲಿ ಇಳಿದು, ಮತ್ತೆ ಏರಿತು. ಪ್ರಹ್ಲಾದ ಮೊಬೈಲನ್ನು ಮೊದಲ ಸಲ ಜೇಬಿಗೆ ಹಾಕಿದ.

ಮೇಡಂ ನೋಡಿ, "ಹಿಂದೆ ನಡೆಯಲೇಬೇಕಾ? ನಿಂತಲ್ಲೇ ಹಾರುವಂಥದ್ದು ಇಲ್ಲವಾ?" ಎಂದು ತೆಲುಗಿನಲ್ಲಿ ಕೇಳಿದಳು.

ಎರಡು ದಿನದ ಬಿಸಿಲು, ದಾರದ ಸಿಕ್ಕು, ಜೀನ್ಸ್ ಫ್ಯಾಕ್ಟರಿ, ಎಲ್ಲವೂ ಒಟ್ಟಿಗೆ ನನ್ನ ತಲೆಗೇರಿತು. ಶೈಲಾಳ ಕೈಯಿಂದ ಹಿಡಿಕೆ ತೆಗೆದು ಆಕೆಯ ಕೈಗೆ ಕೊಟ್ಟೆ. "ನೀವೇ ನೋಡಿ," ಎಂದೆ. ಆಕೆ ಜಗ್ಗಿದಳು. ಬಿತ್ತು. ಶೈಲಾ ಓಡಿ ಹೋಗಿ ನಿಲ್ಲಿಸಿದಳು. ಆಕೆ ಇನ್ನೂ ಜೋರಾಗಿ ಜಗ್ಗಿದಳು. "ಜಗ್ಗಬ್ಯಾಡ್ರಿ! ಹಿಂದ ನಡೀರಿ! ಮೆಲ್ಲಕ, ಮೆಲ್ಲಕ!" ಎಂದು ನಾನು ತೆಲುಗು ಮರೆತು ಕನ್ನಡದಲ್ಲೇ ಕೂಗಿದೆ. ಪ್ರಹ್ಲಾದ ಕಣ್ಣು ಮುಚ್ಚಿಕೊಂಡ. ಆಕೆ ಒಂದು ಕ್ಷಣ ನನ್ನನ್ನು ನೋಡಿ, ಎತ್ತರದ ಚಪ್ಪಲಿ ಕಳಚಿ ಬದಿಗಿಟ್ಟು, ಹುಲ್ಲಿನ ಮೇಲೆ ಬರಿಗಾಲಲ್ಲಿ ಹಿಂದಕ್ಕೆ ನಡೆದಳು.

ಪಟ ಎದ್ದಿತು. ಆಕೆ ಹೂವಿನ ಪಾತಿಯೊಳಗೆ ಕಾಲಿಟ್ಟಳು, ಪಾತಿ ದಾಟಿದಳು, ಕಾರೊಂದಕ್ಕೆ ಒರಗಿ ನಿಂತಳು. ಪಟ ಬಿದ್ದಾಗ, "ಇನ್ನೊಂದು ಸಲ," ಎಂದಳು. ಕತ್ತಲಾಗುವವರೆಗೂ ಹಿಡಿಕೆ ವಾಪಸು ಕೊಡಲಿಲ್ಲ. ಮೂವತ್ತೂ ಪಟ ಇರಲಿ, ಆದರೆ ನಮ್ಮವರಿಗೆ ಕಲಿಸುವವರು ಬೇಕು, ಹಬ್ಬದವರೆಗೆ ಒಬ್ಬರು ಇಲ್ಲೇ ಇರಬೇಕು ಎಂದಳು.

"ನಾ ಇರ್ತೀನಿ," ಎಂದಳು ಶೈಲಾ, ನನ್ನ ಕಡೆ ನೋಡದೆ. ಪ್ರಹ್ಲಾದನ ತಾಯಿ ತಮ್ಮ ಮನೆಯಲ್ಲೇ ಇಟ್ಟುಕೊಳ್ಳಲು ಒಪ್ಪಿದರು.

ಮರುದಿನ ಸಂಜೆ ನನಗೆ ಗಾಡಿ. ಮಧ್ಯಾಹ್ನ ಅವಳ ಸೀರೆಯ ಚೀಲ ಕೊಡಲೆಂದು ಅದೇ ಬಯಲಿಗೆ ಹೋದೆ. ಬಸ್ ಸ್ಟಾಪಿನವರೆಗೆ ಬಂದಳು. ಕೇಳಬಾರದೆಂದುಕೊಂಡಿದ್ದರೂ ಕೇಳಿದೆ. "ಫ್ಯಾಕ್ಟರಿಯವರಿಗೆ ಏನ್ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ. ಅವರು ನಿಮ್ಮನ್ನ ಕೇಳ್ಯಾರೇನು?" ಎಂದಳು. ಆಮೇಲೆ, "ಎಬ್ಬಸೋದು ಬಂತು. ಮೆತ್ತಗ ಇಳಸೋದು ಇನ್ನೂ ಬರವಲ್ದು ವೈನಿ, ಧಪ್ಪಂತ ಬೀಳ್ತೈತಿ. ಮೊದಲ ಅದನ್ನ ಕಲೀತೀನಿ," ಎಂದು ಸರಸರನೆ ಕಂಪೌಂಡಿನ ಹಿಂದೆ ಹೊರಟುಹೋದಳು. ಹೋಗಿ ಬರ್ರಿ ಎಂದು ಕೂಡ ಅನ್ನಲಿಲ್ಲ. ನನಗೆ ಸಿಟ್ಟು ಬಂತು.

ಬಸ್ಸು ಬರಲು ತಡವಾಯಿತು. ಹತ್ತಿ ಹಿಂದಿನ ಕಿಟಕಿಯ ಪಕ್ಕ ಕೂತಾಗ ಗೋಡೆಯ ಮೇಲೆ ಕೆಂಪು ಪಟ ಕಾಣಿಸಿತು. ಕೆಳಗೆ ಹಿಂದೆ ಹಿಂದೆ ನಡೆಯುತ್ತಿದ್ದವಳು ಕಾಣಲಿಲ್ಲ. ಧೂಳಿನಲ್ಲಿ, ಒಂದಿಷ್ಟೂ ಗಾಳಿಯಿಲ್ಲದ ಆಕಾಶದಲ್ಲಿ, ಅದು ನಿಧಾನ ಇಳಿದು ಗೋಡೆಯ ಅಂಚಿಗೆ ಬಂತು. ಮುಗಿಯಿತು ಅಂದುಕೊಂಡೆ. ಮತ್ತೆ ಗೇಣುದ್ದ ಮೇಲೆ ಬಂತು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ್ದು ನನಗೆ ಕೇಳಿಸಿದ್ದು ಎರಡನೇ ಸಲ. ಬಸ್ಸು ತಿರುವು ದಾಟುವಾಗಲೂ ಅದು ಬಿದ್ದಿರಲಿಲ್ಲ.