ಬಿಲಕ್ಕೆ ಎರೆದ ಹಾಲು

ಭೂಮಿ ಟೊಳ್ಳು ಎಂದು ನನಗೆ ಮೊದಲು ಹೇಳಿದ್ದು ಸೋದರಮಾವ. ಗ್ರಾಂಟ್ ರೋಡಿನ ನಮ್ಮ ಚಾಳಿನ ಹಿಂದೆ ಒಂದು ಅಶ್ವತ್ಥ ಮರ, ಅದರ ಬುಡದಲ್ಲೊಂದು ಬಿಲ. ನಾನಿನ್ನೂ ಚಿಕ್ಕವಳು. ಅಪ್ಪ ಮನೆಗೆ ಬಾರದೆ ಕೆಲವು ವಾರಗಳಾಗಿದ್ದವು.

"ಒಳಗೆ ಪೂರಾ ಖಾಲಿ ಮಗಾ, ನೀರು ಇಂಗಿದ ತೆಂಗಿನಕಾಯಿ ಹಾಗೆ. ಅಲ್ಲಿ ನಾಗಲೋಕ ಉಂಟು. ನಿನ್ನಪ್ಪ ಅಲ್ಲಿಗೆ ಹೋದದ್ದು. ಬರ್ತಾರೆ."

ನಂಬಿದೆ. ನಾಗನ ಹೆಸರೆತ್ತಿದರೆ ಎದುರು ಮಾತಿಲ್ಲದ ಉಡುಪಿ ಕಡೆಯ ಮನೆ ನಮ್ಮದು. ಊರಿನ ನಾಗಬನ ದೂರವಾದ್ದರಿಂದ ನಾಗರಪಂಚಮಿಗೆ ಆ ಬಿಲಕ್ಕೇ ಹಾಲೆರೆಯುತ್ತಿದ್ದೆವು. ಎರೆಯುವ ಕೆಲಸ ನನ್ನದು. ಬಗ್ಗಿ, ಬಿಲದೊಳಗೆ ಕೇಳುವಂತೆ "ಅಪ್ಪಾ, ಬೇಗ ಬಾ" ಎನ್ನುತ್ತಿದ್ದೆ. ಅಮ್ಮ ಬೆಲ್ಲ, ಕಾಯಿ ತುಂಬಿ ಅರಶಿನ ಎಲೆಯಲ್ಲಿ ಬೇಯಿಸಿದ ಗಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮಾವನಿಗೆ ಕೊಡುತ್ತಿದ್ದಳು. "ನಿನ್ನಪ್ಪನಿಗೆ" ಎನ್ನುತ್ತಿದ್ದರು ಮಾವ. ಸಂಜೆ ಡಬ್ಬಿ ಖಾಲಿಯಾಗಿ, ತೊಳೆದು ಬರುತ್ತಿತ್ತು.

ದೊಡ್ಡವಳಾದ ಮೇಲೆ ಮೊಬೈಲಿನಲ್ಲಿ ಬೇರೆ ಟೊಳ್ಳು ಭೂಮಿಗಳೂ ಸಿಕ್ಕವು. ಧ್ರುವಗಳಲ್ಲಿ ದೊಡ್ಡ ಬಾಗಿಲುಗಳಂತೆ, ಒಳಗೊಬ್ಬ ಪುಟ್ಟ ಸೂರ್ಯನಂತೆ, ಹೋದವರಿಗೆ ಮುಪ್ಪೇ ಇಲ್ಲವಂತೆ. ನಗು ಬಂತು, ಆಮೇಲೆ ಅಳು. ನಾಗಲೋಕವೆಂದರೆ ಸಾವಿಗೆ ದೊಡ್ಡವರಿಟ್ಟ ಮರ್ಯಾದೆಯ ಹೆಸರು ಎಂದು ತೀರ್ಮಾನಿಸಿದೆ. ಅಮ್ಮ ಕರಿಮಣಿ ತೆಗೆದಿರಲಿಲ್ಲ, ಅಪ್ಪನ ಫೋಟೋಕ್ಕೆ ಹಾರ ಹಾಕಿರಲಿಲ್ಲ. ಪಾಪ, ಒಪ್ಪಿಕೊಳ್ಳಲು ಆಗುತ್ತಿಲ್ಲ ಎಂದುಕೊಂಡು, ಅವಳೆದುರು ಬಾಯಿಬಿಡದೆ ಒಬ್ಬಳೇ ಅತ್ತು ಮುಗಿಸಿದೆ.

ಕಳೆದ ವರ್ಷ ಮಾವ ತೀರಿಕೊಂಡರು. ಈ ಪಂಚಮಿಯ ಬೆಳಿಗ್ಗೆ, ಸತ್ತ ಅಪ್ಪನಿಗೆಂದು ನಾನು ಹಾಲೆರೆದು ಬಂದಾಗ ಅಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಸಾಂತಾಕ್ರೂಜ್‌ನಲ್ಲಿ ಒಂದು ಹೋಟೆಲ್ ಉಂಟು. ಕೌಂಟರಲ್ಲಿ ಕೊಟ್ಟು ಬಾ. ಮಾವನ ಗುರ್ತದವರು."

ಹೊಸ ಅಂಡರ್‌ಗ್ರೌಂಡ್ ಮೆಟ್ರೊ ಹಿಡಿದೆ. ಗ್ರಾಂಟ್ ರೋಡಿನಲ್ಲಿ ನೆಲದೊಳಗೆ ಇಳಿದವಳು ಸಾಂತಾಕ್ರೂಜಿನಲ್ಲಿ ಮೇಲೆ ಬಂದೆ. ಹೋಟೆಲಿನ ಕೌಂಟರಿನಲ್ಲಿ ನಮ್ಮ ಮನೆಯ ಫೋಟೋದ ಮುಖ ಕೂತಿತ್ತು. ತಲೆ ನರೆತಿದೆ, ಹುಬ್ಬಿನ ಮೇಲಿನ ಮಚ್ಚೆ ಹಾಗೇ ಇದೆ. ಪಕ್ಕದಲ್ಲಿ ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು "ಪಪ್ಪಾ, ಪಹಲೇ ಖಾನಾ ಖಾ ಲೋ" ಎಂದು ಅವರನ್ನು ಊಟಕ್ಕೆ ಕರೆಯುತ್ತಿದ್ದಳು.

ಅವರು ಮುಚ್ಚಳ ತೆಗೆದು ಮೂಸಿದರು. "ಆಹಾ! ಈ ಸಲ ಬರ್ಲಿಕ್ಕಿಲ್ಲ ಅಂತ ಮಾಡಿದ್ದೆ. ಯಾವಾಗ್ಲೂ ಅವರೇ ತರ್ತಿದ್ದದ್ದು. ನೀನು ಅವರ ಮನೆ ಕೆಲಸಕ್ಕೆ ಇರುದಾ?"

ಹೂಂ ಎಂದೆ. ಅವರು ಗಟ್ಟಿ ತೆಗೆದಿಟ್ಟುಕೊಂಡು ಡಬ್ಬಿ ತೊಳೆಸಿ ಕೊಟ್ಟರು.

ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಬಿಟ್ಟುಹೋದವನ ಮೇಲಲ್ಲ ಅಷ್ಟು ಸಿಟ್ಟು. ಹೆತ್ತವಳು, ಎತ್ತಿ ಆಡಿಸಿದ ಮಾವ, ಇಬ್ಬರೂ ಸೇರಿ ನನ್ನ ಕಿವಿಗೆ ಹೂವಿಟ್ಟಿದ್ದರು. ಅವನಿಗೆ ಗಟ್ಟಿ, ನನಗೆ ನಾಗಲೋಕ.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಡಬ್ಬಿ ತೆಗೆದುಕೊಂಡು ಮೆಲ್ಲಗೆ ಕೇಳಿದಳು, "ನಿನ್ನ ಗುರ್ತ ಸಿಕ್ಕಿತಾ ಅವರಿಗೆ?"

"ಹೇಗೆ ಸಿಗ್ತದೆ ಅಮ್ಮ?" ಎಂದೆ. "ಬಿಲದ ಒಳಗಿಂದ ಕಾಣ್ತದಾ?"