ಲಾರಿ ಸಂಘದ ಅಧ್ಯಕ್ಷರು ಮತ್ತು ಬೀಗ ಹಾಕಿದ ಕಕ್ಕಸು

“ಕಕ್ಕಸಿನ್ಯಾಗ ಏನ್ ಬಂಗಾರ ಇಟ್ಟೀರೇನ್ರಿ, ಬೀಗಾ ಜಡಿಯಾಕ?”

“ಕೂಗಾಡ್ಬೇಡಿ ಸಾರ್. ಅದು ಸ್ಟಾಫಿಗೆ ಮಾತ್ರ. ಹೆಡ್ ಆಫೀಸ್ ರೂಲು.”

“ನಿನ್ನ ಹೆಡ್ ಆಫೀಸಿಗೆ ಹೊಟ್ಟಿ ಐತೋ ಇಲ್ಲೋ?”

ಬಂಗಾಳಿ ಸೀಮೆಯ ಬಾರಾನಗರದಲ್ಲಿ ಗೋದಾಮೊಂದರ ಗೇಟು. ಇನ್ನೂ ಸೂರ್ಯ ಹುಟ್ಟಿಲ್ಲ. ಕೂಗುತ್ತಿರುವವರು ಬೆಳಗಾವಿ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಭರತೇಶ. ಇರುವುದು ಒಂದೇ ಲಾರಿ, ಅದರ ಮಾಲೀಕರೂ ಚಾಲಕರೂ ಅವರೇ. ಇಂಥ ಒಂಟಿ ಲಾರಿಯವರ ಸಂಘಕ್ಕೆ ಅಧ್ಯಕ್ಷರು. ಎದುರಿಗಿರುವವನು ಗೋದಾಮಿನ ಮ್ಯಾನೇಜರ್ ಮಿಥುನ್, ಬೆಂಗಳೂರಿನ ತರುಣ, ಅನುಕೂಲಸ್ಥರ ಬಡಾವಣೆಯಾದ ಸದರ್ನ್ ಅವೆನ್ಯೂ ಕಡೆಯಿಂದ ಕಾರಿನಲ್ಲಿ ಬರುತ್ತಾನೆ.

ಜಗಳ ಕನ್ನಡದಲ್ಲಿ ರಂಗೇರುತ್ತಿದ್ದಂತೆ ಸುತ್ತ ನಿಂತ ಸದಸ್ಯರಿಗೆ ಅನುಮಾನ ಶುರುವಾಗುತ್ತದೆ. ಇಬ್ಬರೂ ಒಂದೇ ರಾಜ್ಯದವರು, ಒಳಗೊಳಗೇ ಏನಾದರೂ ಕುದುರಿಸುತ್ತಿದ್ದರೆ? ಹಿರಿಯ ಚಾಲಕ ನಿತಾಯ್ ಮಂಡಲ್ ತಡೆಯುತ್ತಾರೆ: “ದಾದಾ, ಹಿಂದಿಯಲ್ಲಿ ಬೈಯಿರಿ. ನಮಗೂ ತಿಳಿಯಲಿ.” ಭರತೇಶ ಹಿಂದಿಗೆ ಹೊರಳುತ್ತಾರೆ. ಅವರ ಹಿಂದಿಯಲ್ಲಿ ಬೈಗುಳವೂ ರಜೆಯ ಅರ್ಜಿಯ ಹಾಗೆ ಕೇಳಿಸುತ್ತದೆ.

ಸರಕು ಇಳಿಸಲು ಲಾರಿಗಳು ಇಲ್ಲಿ ಅರ್ಧ ದಿನ, ಒಮ್ಮೊಮ್ಮೆ ಇಡೀ ದಿನ ಸಾಲಿನಲ್ಲಿ ಕಾಯುತ್ತವೆ. ಕರೆದಾಗ ಚಾಲಕ ಸೀಟಿನಲ್ಲಿ ಇಲ್ಲದಿದ್ದರೆ ಸರದಿ ಹೋಯಿತು, ಲಾರಿ ಸಾಲಿನ ಬಾಲಕ್ಕೆ. ದೊಡ್ಡ ಕಂಪನಿಯ ಲಾರಿಯಲ್ಲಿ ಇನ್ನೊಬ್ಬ ಇರುತ್ತಾನೆ, ಒಂಟಿ ಚಾಲಕನಿಗೆ ಯಾರಿದ್ದಾರೆ? ಸಾರ್ವಜನಿಕ ಶೌಚಾಲಯ ಎಲ್ಲೋ ದೂರ. ಕಣ್ಣೆದುರಿಗೆ ಇರುವುದಕ್ಕೆ ಬೀಗ. ಹಾಗಾಗಿ ಈ ಜನ ನೀರನ್ನೇ ಕುಡಿಯುವುದಿಲ್ಲ. ನಾಚಿಕೆಗೇಡು! ಊರಿಗೆಲ್ಲ ಅಕ್ಕಿ ಬೇಳೆ ಹೊತ್ತು ತರುವವನು ಒಂದು ಗುಟುಕು ನೀರಿಗೆ ಹೆದರಬೇಕೆ?

“ಕಿಡ್ನ್ಯಾಗ ಎರಡ ಸಲ ಹರಳಾದ್ವು” ಎನ್ನುತ್ತಾರೆ ಭರತೇಶ. “ಡಾಕ್ಟರು ನೀರ್ ಕುಡಿ ಅಂದ್ರು. ಕುಡದದ್ದು ಎಲ್ಲಿ ಬಿಡ್ಲಿ ಅಂತ ಕೇಳಿದ್ನಿ. ಅದಕ್ಕ ಅವರ ಕಡೆ ಗುಳಿಗಿ ಇರಲಿಲ್ಲ.” ಸಂಘ ಹುಟ್ಟಿದ್ದು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ. ಈಗ ಸದಸ್ಯರು ಮುನ್ನೂರರ ಹತ್ತಿರ.

ಮನೆಯಲ್ಲಿ ಹೆಂಡತಿ ಪದ್ಮಿನಿಗೆ ಬೇರೆ ದೂರಿದೆ. “ಊರ ಮಂದಿ ಕಕ್ಕಸಿನ ಚಿಂತಿ ಇವರಿಗೆ. ನಮ್ಮನೀ ಬಚ್ಚಲದ ಚಿಲಕ ಮುರದು ಎರಡು ವರ್ಷದ ದುರ್ಗಾ ಪೂಜೋ ಆದ್ವು. ಒಳಗ ಅದೀವಿ ಅಂತ ಗೊತ್ತಾಗ್ಲಿ ಅಂತ ಎಲ್ಲಾರೂ ಹಾಡ್ಕೋತ ಜಳಕಾ ಮಾಡ್ತೀವ್ರಿ.”

ಗೇಟಿನಲ್ಲಿ ಮಿಥುನ್ ಬಾಯಿ ಜಾರುತ್ತಾನೆ. “ಸ್ವಲ್ಪ ತಡ್ಕೊಳ್ಳೋಕಾಗಲ್ವಾ ಸಾರ್? ಮೀಟಿಂಗಲ್ಲಿ ನಾವೂ ತಡ್ಕೋತೀವಿ.”

ಭರತೇಶರ ದನಿ ತಣ್ಣಗಾಗುತ್ತದೆ. “ಬಾ ತಮ್ಮಾ. ನನ್ನ ಲಾರಿ ಖಾಲಿ ಆಗೂತನಕಾ ಕ್ಯಾಬಿನ್‌ನ್ಯಾಗ ಕುಂಡ್ರು. ತಡಕೊಂಡಿ ಅಂದ್ರ ನಾ ಮತ್ತ ಬಾಯಿ ತಗಿಯಾಂಗಿಲ್ಲ. ಆಗಲಿಲ್ಲಂದ್ರ ಬೀಗಾ ತಗಿ.” ಕೂಡಲೇ ಅದನ್ನು ಹಿಂದಿಯಲ್ಲೂ ಹೇಳುತ್ತಾರೆ. ಚಾಲಕರು ಸಿಳ್ಳೆ ಹೊಡೆಯುತ್ತಾರೆ. ಅಷ್ಟು ಜನ ನೋಡುತ್ತಿರುವಾಗ ಮಿಥುನ್ ಹತ್ತದೆ ಏನು ಮಾಡಿಯಾನು?

ಆಮೇಲೆ ಸಂಘದಿಂದ ಅತಿಥಿ ಸತ್ಕಾರ. ನಿತಾಯ್ ಮಣ್ಣಿನ ಕುಡಿಕೆಯಲ್ಲಿ ಚಹಾ ತರುತ್ತಾರೆ. ಇನ್ನೊಬ್ಬ ಎಳನೀರು. ಮತ್ತೆ ಚಹಾ. ಭರತೇಶ ಎಂಜಿನ್ ಶುರು ಮಾಡಿ ಸುಮ್ಮನೆ ಬಿಡುತ್ತಾರೆ. ಕ್ಯಾಬಿನ್ ಗಡಗಡ ನಡುಗುತ್ತದೆ, ಜೊತೆಗೆ ಮ್ಯಾನೇಜರೂ.

“ಮುಂದೆ ಇನ್ನೆಷ್ಟು ಲಾರಿ ಇದಾವೆ ಸಾರ್?”

“ಭಾಳ ಇಲ್ಲ. ಚಾ ಕುಡಿ.”

“ಮತ್ತೆ ಲೈನ್ ಯಾಕೆ ಕದಲ್ತಾನೇ ಇಲ್ಲ?”

“ಸಹಿ ಹಾಕೋ ಮ್ಯಾನೇಜರ್ ಇಲ್ಲೇ ಕುಂತಾನಲ್ಲಪಾ.”

ಮಿಥುನ್ ಒಂದು ಕ್ಷಣ ಅವರ ಮುಖ ನೋಡುತ್ತಾನೆ. ಮರುಕ್ಷಣ ಕ್ಯಾಬಿನ್ನಿನಿಂದ ಧುಮುಕಿ, ಕಾವಲುಗಾರನ ಸೊಂಟದಿಂದ ಕೀಲಿ ಕಿತ್ತುಕೊಂಡು ಓಡುತ್ತಾನೆ. ಬೀಗ ತೆರೆದ ಸದ್ದಿಗೆ ಚಪ್ಪಾಳೆ ಏಳುತ್ತದೆ.

ಬಹಳ ಹೊತ್ತಿನ ನಂತರ ಹೊರಬಂದವನು ಯಾರ ಮುಖವನ್ನೂ ನೋಡುವುದಿಲ್ಲ. ಬಾಗಿಲು ಹಾಗೇ ತೆರೆದಿದೆ. “ಹೆಡ್ ಆಫೀಸಿಗೆ ಫೋನ್ ಮಾಡ್ಬಿಟ್ಟು ಬರ್ತೀನಿ” ಎಂದು ಗೇಟು ದಾಟಿ, ತನ್ನ ಕಾರನ್ನೂ ದಾಟಿ ನಡೆದುಹೋಗುತ್ತಾನೆ.

ಗೆದ್ದುಬಿಟ್ಟಿರಿ ಎಂದು ಯಾರಾದರೂ ಹೇಳಿದರೆ ಭರತೇಶ ಕೈ ಆಡಿಸುತ್ತಾರೆ. “ಗೆದ್ದದ್ದು ಆಮ್ಯಾಗ. ಮೊದಲ ಒಂದ್ ತಂಬಿಗಿ ನೀರ್ ಕುಡೀಬೇಕ್ರಿ, ಹೊಟ್ಟಿ ತುಂಬ.”

ಕಕ್ಕಸಿನ ಮುಂದೆ ಚಾಲಕರ ಸಾಲು ಚುರುಕಾಗಿ ಸಾಗುತ್ತಿದೆ. ಸಹಿ ಹಾಕುವವನಿಲ್ಲದೆ ಲಾರಿಗಳ ಸಾಲು ನಿಂತಲ್ಲೇ ನಿಂತಿದೆ. ಮಧ್ಯಾಹ್ನವಾಯಿತು, ಮಿಥುನ್ ಇನ್ನೂ ಬಂದಿಲ್ಲ. ಇವತ್ತು ಯಾರಿಗೂ ಅವಸರವಿಲ್ಲ.